ದಮ್ಮು ಇದ್ದವರು ನೋವಿನ ಗುಳಿಗೆ ಕೇಳುವ ಮೊದಲು

ನಮ್ಮ ಮೆಡಿಕಲ್ಸ್‌ನ ಕೌಂಟರಿನ ಮೇಲೆ ಒಂದು ಕತ್ತರಿ ಇರುತ್ತದೆ. ಹಿಡಿಕೆಗೆ ನೀಲಿ ಟೇಪು ಸುತ್ತಿದ ಹಳೇ ಕತ್ತರಿ. ಹತ್ತು ಗುಳಿಗೆಯ ಸ್ಟ್ರಿಪ್‌ನಲ್ಲಿ ಎರಡೇ ಸಾಕು ಅನ್ನುವವರಿಗೆ ಎರಡು ಕತ್ತರಿಸಿ ಕೊಡುವುದಕ್ಕೆ. ಕುಮಟಾ ಪೇಟೆಯಲ್ಲಿ 18 ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಕತ್ತರಿಸಿದ ತುಂಡನ್ನು ತಿರುಗಿಸಿ ನೋಡಿದರೆ ಎಷ್ಟೋ ಸಲ ಅದರ ಮೇಲೆ ಗುಳಿಗೆಯ ಹೆಸರೇ ಇರುವುದಿಲ್ಲ. ಅರ್ಧ ಅಕ್ಷರ ಇರುತ್ತದೆ, ಇಲ್ಲವಾದರೆ ಕಂಪನಿಯ ವಿಳಾಸ. ತಗೊಂಡು ಹೋದವರು ಒಂದು ನುಂಗಿ ಇನ್ನೊಂದನ್ನು ಗಡಿಯಾರದ ಹಿಂದೆ ಇಡುತ್ತಾರೆ. ಆರು ತಿಂಗಳು ಬಿಟ್ಟು ಮನೆಯಲ್ಲಿ ಯಾರಿಗೋ ಸೊಂಟ ಹಿಡಿದಾಗ ‘ಅಲ್ಲೊಂದು ನೋವಿನ ಗುಳಿಗೆ ಇತ್ತಲ್ಲ’ ಎಂದು ತೆಗೆದುಕೊಡುತ್ತಾರೆ.

ಆ ಯಾರಿಗೋ ದಮ್ಮು, ಅಂದರೆ ಉಬ್ಬಸ ಅಥವಾ ಅಸ್ತಮಾ, ಇದ್ದರೆ, ಜೊತೆಗೆ ಮೂಗು ಸದಾ ಕಟ್ಟಿಕೊಂಡೇ ಇದ್ದರೆ, ಆ ಒಂದು ಗುಳಿಗೆ ಜೀವಕ್ಕೆ ಕುತ್ತು ತರಬಹುದು. ನನಗೆ ತಂದಿತ್ತು. ನಾನು ಡಾಕ್ಟರಲ್ಲ, ಫಾರ್ಮಸಿಸ್ಟ್ ಕೂಡ ಅಲ್ಲ. ಆದರೆ ಕೌಂಟರಿನ ಎರಡೂ ಕಡೆ ನಿಂತವಳು. ಅಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಓದಿದವರು ಮನೆಯಲ್ಲಿ ಉಬ್ಬಸ ಇರುವವರಿಗೆ ಓದಿ ಹೇಳಿ.

ನನಗಾಗ 38 ವರ್ಷ. ಉಬ್ಬಸ ಶುರುವಾಗಿ ನಾಲ್ಕು ವರ್ಷ ಆಗಿತ್ತು. ಚಿಕ್ಕಂದಿನಲ್ಲಿ ಇರಲಿಲ್ಲ. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿದಾಗ ಜಾಸ್ತಿ, ಬೇಸಿಗೆಯಲ್ಲಿ ಕಡಿಮೆ. ಮೂಗು ಮಾತ್ರ ಹನ್ನೆರಡು ತಿಂಗಳೂ ಕಟ್ಟಿರುತ್ತಿತ್ತು. ವಾಸನೆ ಹೋಗಿ ಎರಡು ವರ್ಷ. ಸುರಗಿ ಹೂವಿನ ದಿನಗಳಲ್ಲಿ ಗೆಳತಿ ದಂಡೆ ಮುಡಿದುಕೊಂಡು ಪಕ್ಕದಲ್ಲಿ ಕೂತು ‘ಎಷ್ಟು ಪರಿಮಳ ಅಲ್ವಾ’ ಅಂದರೆ ಸುಮ್ನೆ ತಲೆ ಆಡಿಸುತ್ತಿದ್ದೆ. ಒಲೆಯ ಮೇಲೆ ಹಾಲು ಸೀದದ್ದು ಹೊಗೆ ಕಂಡ ಮೇಲೆ ಗೊತ್ತಾಗುತ್ತಿತ್ತು. ‘ಅವಳದ್ದು ಶೀತದ ಮೈ’ ಎಂದು ಮನೆಯವರು ಒಪ್ಪಿಕೊಂಡಿದ್ದರು, ನಾನೂ ಒಪ್ಪಿಕೊಂಡಿದ್ದೆ.

ಆ ವರ್ಷ ದವಡೆ ಹಲ್ಲು ಕೀಳಿಸಬೇಕಾಯಿತು. ‘ಯಾವುದಾದರೂ ಔಷಧದ ಅಲರ್ಜಿ ಇದೆಯಾ?’ ಎಂದು ಅಲ್ಲಿ ಕೇಳಿದರು. ಇಲ್ಲ ಎಂದೆ. ಸುಳ್ಳೇನೂ ಹೇಳಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಐಬುಪ್ರೊಫೇನ್ ಎಷ್ಟೋ ಸಲ ನುಂಗಿದ್ದೆ, ಏನೂ ಆಗಿರಲಿಲ್ಲ. ಉಬ್ಬಸ ಇದೆಯಾ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಡೈಕ್ಲೊಫೆನಾಕ್ ಇದ್ದ ಗುಳಿಗೆ ಬರೆದುಕೊಟ್ಟರು.

ರಾತ್ರಿ ಎಂಟೂವರೆಗೆ ಗಂಜಿ ಉಂಡು ಒಂದು ನುಂಗಿದೆ. ಒಂಬತ್ತು ಹೊಡೆಯುವಾಗ ಮೂಗಿನಿಂದ ನಲ್ಲಿ ಬಿಟ್ಟ ಹಾಗೆ ನೀರು. ಕಣ್ಣು ತುರಿಸಿ ಕೆಂಪಾಯಿತು. ಕಿವಿ, ಕುತ್ತಿಗೆ ಬಿಸಿ ಬಿಸಿ. ಆಮೇಲೆ ಎದೆಗೆ ಹಗ್ಗ ಸುತ್ತಿ ಯಾರೋ ಬಿಗಿಯುತ್ತಿದ್ದಾರೆ ಅನ್ನಿಸಿತು. ‘ಎಂತ ಆಯ್ತೇ?’ ಎಂದು ನಮ್ಮವರು ಕೇಳಿದರೆ ಉತ್ತರ ಕೊಡಲು ಉಸಿರಿಲ್ಲ. ಒಂದು ಉಸಿರಿಗೆ ಎರಡೇ ಶಬ್ದ ಬರುತ್ತಿತ್ತು. ಇನ್ಹೇಲರ್ ಅಂಗಡಿಯ ಚೀಲದಲ್ಲಿ ಉಳಿದಿತ್ತು. ಪಕ್ಕದ ಮನೆಯವರ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದೆ. ಆಕ್ಸಿಜನ್, ನೆಬ್ಯುಲೈಜರ್, ಇಂಜೆಕ್ಷನ್. ಎರಡು ದಿನ ಅಲ್ಲೇ.

ಹಲ್ಲಿನ ನಂಜು ಏರಿತು ಎಂದರು ಒಬ್ಬರು. ಧೂಳಿನಿಂದ ಎಂದರು ಇನ್ನೊಬ್ಬರು. ಗುಳಿಗೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಐದು ತಿಂಗಳಾದ ಮೇಲೆ ಮುಟ್ಟಿನ ಹೊಟ್ಟೆನೋವಿಗೆ ಮೆಫೆನಮಿಕ್ ಆಸಿಡ್ ಇರುವ ಗುಳಿಗೆ ತಗೊಂಡೆ. ಹೆಸರು ಬೇರೆ, ಬಣ್ಣ ಬೇರೆ, ಕೆಲಸವೂ ಬೇರೆ ಅಂದುಕೊಂಡಿದ್ದೆ. 40 ನಿಮಿಷಕ್ಕೆ ಮತ್ತದೇ ಮೂಗು, ಅದೇ ಕಣ್ಣು, ಅದೇ ಎದೆ. ಈ ಸಲ ಇನ್ಹೇಲರ್ ಕೈಗೆ ಸಿಕ್ಕಿತು. ಮರುದಿನ ಅಂಗಡಿಯ ಫಾರ್ಮಸಿಸ್ಟ್‌ಗೆ ಎರಡೂ ಸಂಗತಿ ಹೇಳಿದೆ. ಅವರು ಎರಡೂ ಸ್ಟ್ರಿಪ್ ತಂದು ನನ್ನ ಮುಂದಿಟ್ಟು ‘ಇವೆರಡೂ ಒಂದೇ ಬಳಗದವು’ ಎಂದರು. ಮಣಿಪಾಲಕ್ಕೆ ಹೋದಾಗ ಕಿವಿ ಮೂಗಿನ ಡಾಕ್ಟರು ಮೊದಲು ಕೇಳಿದ್ದು ‘ವಾಸನೆ ಗೊತ್ತಾಗತ್ತಾ?’ ಎಂದು. ಮೂಗಿನ ಎರಡೂ ಹೊಳ್ಳೆಯೊಳಗೆ ದುರ್ಮಾಂಸ (ಡಾಕ್ಟರು ಪಾಲಿಪ್ ಅನ್ನುವುದು) ಬೆಳೆದಿತ್ತು.

ಉಬ್ಬಸ, ಮೂಗಿನಲ್ಲಿ ದುರ್ಮಾಂಸ, ನೋವಿನ ಗುಳಿಗೆ ಆಗದಿರುವುದು. ಈ ಮೂರೂ ಸೇರಿದರೆ ಅದೊಂದು ಗುರುತಿರುವ ಕಾಯಿಲೆ. ಫ್ರಾನ್ಸಿನ ವೈದ್ಯ ವಿಡಾಲ್ 1922ರಷ್ಟು ಹಿಂದೆಯೇ ಇದನ್ನು ಬರೆದಿಟ್ಟಿದ್ದರು. 1968ರಲ್ಲಿ ಸ್ಯಾಮ್ಟರ್ ಎಂಬ ಅಮೆರಿಕದ ವೈದ್ಯರು ತಮ್ಮ ಜೊತೆಗಾರರೊಂದಿಗೆ ವಿವರವಾಗಿ ಬರೆದರು. ನಿಮ್ಮ ಚೀಟಿಯಲ್ಲಿ ‘ಸ್ಯಾಮ್ಟರ್ಸ್ ಟ್ರಯಾಡ್’ ಎಂದೋ ‘ಎಇಆರ್‌ಡಿ’ (ಆಸ್ಪಿರಿನ್ ಬಳಗದಿಂದ ಕೆರಳುವ ಉಸಿರಾಟದ ಕಾಯಿಲೆ) ಎಂದೋ ಕಂಡರೆ ಅದು ಇದೇ.

ಯಾಕೆ ಹೀಗಾಗುತ್ತದೆ ಅಂದರೆ, ನಮ್ಮ ಕಡೆಯವರಿಗೆ ಗಜನಿ ಗದ್ದೆಯ ಬಾಗಿಲು ನೆನೆಸಿಕೊಂಡರೆ ತಿಳಿಯುತ್ತದೆ. ಭರತದ ಹೊತ್ತಿಗೆ ಅಘನಾಶಿನಿಯ ಉಪ್ಪುನೀರು ಗದ್ದೆಗೆ ನುಗ್ಗದ ಹಾಗೆ ಹಲಗೆ ಬಾಗಿಲು ತಡೆದು ನಿಲ್ಲಿಸುತ್ತದೆ. ನಮ್ಮ ಮೂಗು, ಶ್ವಾಸನಾಳದಲ್ಲೂ ಅಂಥ ಒಂದು ತಡೆ ಇದೆ. ಪ್ರೊಸ್ಟಾಗ್ಲಾಂಡಿನ್ ಇ2 ಎಂದು ಅದರ ಹೆಸರು. ಕಾಕ್ಸ್-1 ಎಂಬ ಕಿಣ್ವ ಅದನ್ನು ತಯಾರಿಸುತ್ತದೆ. ಅದು ಇರುವ ತನಕ ಲ್ಯುಕೊಟ್ರೈನ್ ಎಂಬ ರಾಸಾಯನಿಕ ಹತೋಟಿಯಲ್ಲಿರುತ್ತದೆ. ನೋವಿನ ಗುಳಿಗೆ ಕಾಕ್ಸ್-1ರ ಕೆಲಸ ನಿಲ್ಲಿಸುತ್ತದೆ. ಬಾಗಿಲು ಕಿತ್ತ ಹಾಗೆ. ಲ್ಯುಕೊಟ್ರೈನ್ ನುಗ್ಗಿ ಶ್ವಾಸನಾಳ ಬಿಗಿಯುತ್ತದೆ, ಊದುತ್ತದೆ, ನೀರು ಸುರಿಸುತ್ತದೆ. ಎಲ್ಲರ ಮೈಯಲ್ಲೂ ಗುಳಿಗೆ ಈ ಕೆಲಸ ಮಾಡುತ್ತದೆ, ಆದರೆ ನಮ್ಮಂಥವರ ಗದ್ದೆಯ ಹೊರಗೆ ನೀರು ಮೊದಲೇ ಅಂಚಿನವರೆಗೆ ಏರಿ ನಿಂತಿರುತ್ತದೆ.

ಇದರಿಂದ ಗೊತ್ತಾಗುವ ಮುಖ್ಯ ಸಂಗತಿ ಒಂದಿದೆ. ಶೇಂಗಾ ಅಥವಾ ಸಿಗಡಿಯ ಅಲರ್ಜಿಯ ಹಾಗಲ್ಲ ಇದು. ಒಂದು ಗುಳಿಗೆ ಆಗದಿದ್ದರೆ ಕಾಕ್ಸ್-1 ತಡೆಯುವ ಯಾವುದೂ ಆಗುವುದಿಲ್ಲ. ಬ್ರ್ಯಾಂಡ್ ಬದಲಿಸಿದರೆ, ಕಂಪನಿ ಬದಲಿಸಿದರೆ ಉಪಯೋಗವಿಲ್ಲ.

ಹಾಗಂತ ಉಬ್ಬಸ ಇರುವ ಎಲ್ಲರೂ ಹೆದರಬೇಕಾಗಿಲ್ಲ. ಉಬ್ಬಸ ಇರುವ 100 ದೊಡ್ಡವರಲ್ಲಿ ಸುಮಾರು 7 ಜನರಿಗೆ ಇದು ಇರುತ್ತದೆ. ಉಬ್ಬಸ ಜೋರಾಗಿದ್ದವರಲ್ಲಿ ಇದರ ಎರಡು ಪಟ್ಟು, ದುರ್ಮಾಂಸವೂ ಇದ್ದರೆ ಇನ್ನೂ ಹೆಚ್ಚು. ಮಕ್ಕಳಲ್ಲಿ ಅಪರೂಪ. ಸಾಮಾನ್ಯವಾಗಿ 30 ದಾಟಿದ ಮೇಲೆ ಶುರುವಾಗುತ್ತದೆ, ಆದ್ದರಿಂದ ‘ನಾನು ಮೊದಲೆಲ್ಲ ತಗೊಳ್ತಿದ್ದೆ’ ಎಂಬ ಮಾತಿಗೆ ಬೆಲೆ ಇಲ್ಲ. ಇತ್ತೀಚಿನ ತಿಂಗಳುಗಳಲ್ಲಿ ತಗೊಂಡು ಏನೂ ಆಗದಿದ್ದರೆ ಅದಕ್ಕೆ ಬೆಲೆ ಇದೆ, ಡಾಕ್ಟರಿಗೆ ಅದನ್ನೂ ಹೇಳಿ. ದೊಡ್ಡವರಾದ ಮೇಲೆ ಬಂದ ಉಬ್ಬಸ, ವಾಸನೆ ಹೋಗಿರುವುದು, ದುರ್ಮಾಂಸ ತೆಗೆಸಿದರೂ ಮತ್ತೆ ಬೆಳೆಯುವುದು, ಒಂದು ಗುಟುಕು ಮದ್ಯ ಕುಡಿದರೂ ಮೂಗು ಕಟ್ಟುವುದು ಅಥವಾ ಎದೆ ಬಿಗಿಯುವುದು. ಇಂಥವು ಕಂಡರೆ ಅನುಮಾನ ಇಟ್ಟುಕೊಳ್ಳಿ. ನೋವಿನ ಗುಳಿಗೆ ತಗೊಂಡ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು, ಕಣ್ಣು, ಎದೆ ಕೆಟ್ಟರೆ ಅನುಮಾನವಲ್ಲ, ಅಲ್ಲಿಗೇ ಎಲ್ಲಾ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು.

ಇನ್ನು ಸ್ಟ್ರಿಪ್ ಓದುವುದು. ಇದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಕೌಂಟರಿನಲ್ಲಿ ಜನ ಎಡವುವುದು ಇಲ್ಲೇ.

ಸ್ಟ್ರಿಪ್ ಮೇಲೆ ಎರಡು ಹೆಸರು ಇರುತ್ತವೆ. ಒಂದು ಕಂಪನಿ ಇಟ್ಟದ್ದು, ಅದನ್ನೇ ಎಲ್ಲರೂ ಕೇಳುವುದು. ಇನ್ನೊಂದು ಒಳಗಿರುವ ಔಷಧದ್ದು. ಅದರ ಮುಂದೆ 100 ಮಿಲಿಗ್ರಾಂ, 400 ಮಿಲಿಗ್ರಾಂ ಎಂದು ಪ್ರಮಾಣ ಬರೆದಿರುತ್ತದೆ. ನೀವು ನೋಡಬೇಕಾದ್ದು ಪ್ರಮಾಣ ಬರೆದ ಸಾಲುಗಳನ್ನು. ಒಂದಕ್ಕಿಂತ ಹೆಚ್ಚು ಸಾಲಿದ್ದರೆ ಎಲ್ಲವನ್ನೂ ನೋಡಬೇಕು.

ಬೇಡದ ಬಳಗದ ಹೆಸರುಗಳಲ್ಲಿ ಒಂದು ಗುರುತಿದೆ. ಹೆಸರಿನ ಬಾಲ ನೋಡಿ. ‘ಫೆನಾಕ್’ ಎಂದು ಮುಗಿಯುವವು: ಡೈಕ್ಲೊಫೆನಾಕ್, ಎಸಿಕ್ಲೊಫೆನಾಕ್. ‘ಪ್ರೊಫೇನ್’ ಎಂದು ಮುಗಿಯುವವು: ಐಬುಪ್ರೊಫೇನ್, ಕೀಟೊಪ್ರೊಫೇನ್, ಫ್ಲರ್ಬಿಪ್ರೊಫೇನ್. ‘ಆಕ್ಸಿಕಾಮ್’ ಎಂದು ಮುಗಿಯುವವು: ಪೈರಾಕ್ಸಿಕಾಮ್ ಮತ್ತು ಅದರ ಅಕ್ಕತಂಗಿಯರು. ಬಾಲದಿಂದ ಸಿಗದವನ್ನು ಬಾಯಿಪಾಠ ಮಾಡಬೇಕು: ಆಸ್ಪಿರಿನ್, ಮೆಫೆನಮಿಕ್ ಆಸಿಡ್, ನ್ಯಾಪ್ರೊಕ್ಸೆನ್, ಕೆಟೊರೊಲಾಕ್, ಇಂಡೊಮೆಥಾಸಿನ್.

ಅಂಗಡಿಯ ಹೆಸರಿನಲ್ಲಿ ಹೇಳಿದರೆ, ಬ್ರುಫೆನ್‌ನಲ್ಲಿ ಐಬುಪ್ರೊಫೇನ್ ಇದೆ. ವೊವೆರಾನ್‌ನಲ್ಲಿ ಡೈಕ್ಲೊಫೆನಾಕ್. ಡಿಸ್ಪ್ರಿನ್, ಇಕೋಸ್ಪ್ರಿನ್ ಎರಡರಲ್ಲೂ ಆಸ್ಪಿರಿನ್. ಮೆಫ್ಟಾಲ್ ಸ್ಪಾಸ್‌ನಲ್ಲಿ ಮೆಫೆನಮಿಕ್ ಆಸಿಡ್. ಹಲ್ಲುನೋವಿಗೆ ಕೇಳಿ ಒಯ್ಯುವ ಕೆಟೋರಾಲ್‌ನಲ್ಲಿ ಕೆಟೊರೊಲಾಕ್. ಇವೆಲ್ಲ ಬೇರೆಯವರಿಗೆ ಒಳ್ಳೆಯ ಔಷಧಗಳೇ. ನಮ್ಮ ಮೈಗೆ ಮಾತ್ರ ಆಗದವು.

ಜಾಸ್ತಿ ಜನ ಮೋಸ ಹೋಗುವುದು ಎರಡು ಔಷಧ ಸೇರಿದ ಗುಳಿಗೆಯಲ್ಲಿ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಇದೆ, ನಿಜ. ಅದರ ಜೊತೆಗೇ 400 ಮಿಲಿಗ್ರಾಂ ಐಬುಪ್ರೊಫೇನ್ ಕೂಡ ಇದೆ. ಝೀರೋಡಾಲ್ ಪಿ ಎಂಬುದರಲ್ಲಿ ‘ಪಿ’ ಅಂದರೆ ಪ್ಯಾರಾಸಿಟಮಾಲ್, ಆದರೆ ಉಳಿದ ಭಾಗ ಎಸಿಕ್ಲೊಫೆನಾಕ್. ‘ಡಾಕ್ಟ್ರು ಪ್ಯಾರಾಸಿಟಮಾಲ್ ಆಗತ್ತೆ ಅಂದಿದ್ದಾರೆ, ಇದರಲ್ಲಿ ಅದೇ ಬರೆದಿದೆಯಲ್ಲ’ ಎಂದು ಸ್ಟ್ರಿಪ್ ತೋರಿಸಿದವರನ್ನು ನಾನು ನೋಡಿದ್ದೇನೆ. ಬರೆದ ಮೊದಲ ಸಾಲು ಓದಿ ನಿಲ್ಲಿಸಿದ್ದರು.

ಕತ್ತರಿಸಿದ ಗುಳಿಗೆ ಬೇಡ ಅನ್ನಿ. ಬೇಕಾದ್ದು ಎರಡೇ ಆದರೂ ಹೆಸರು, ಎಕ್ಸ್‌ಪೈರಿ ಇರುವ ಕಡೆಯಿಂದ ಕೊಡಲು ಹೇಳಿ. ಆಗದಿದ್ದರೆ ಸ್ಟ್ರಿಪ್‌ನ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ನಮ್ಮಂಥ ಅಂಗಡಿಯವರಿಗೆ ಇದರಿಂದ ಬೇಜಾರಿಲ್ಲ. ಬೇಜಾರು ಮಾಡಿಕೊಂಡರೂ ನೀವು ಬಿಡಬೇಡಿ. ‘ಆ ಕೆಂಪು ಗುಳಿಗೆ’, ‘ಉದ್ದ ಬಿಳಿ ಗುಳಿಗೆ’ ಎಂದು ಬಣ್ಣ ಹೇಳಿ ಮಾತ್ರ ಕೇಳಬೇಡಿ. ಕೆಂಪು ಗುಳಿಗೆ ನಮ್ಮ ಕಪಾಟಿನಲ್ಲಿ ಮೂವತ್ತು ಥರದ್ದು ಇವೆ.

ನುಂಗುವುದಷ್ಟೇ ಅಲ್ಲ. ಸೊಂಟಕ್ಕೆ ಹಾಕುವ ನೋವಿನ ಇಂಜೆಕ್ಷನ್ ಅದೇ ಬಳಗ, ಅದೂ ಬೇಗ ಏರುತ್ತದೆ. ಆಪರೇಷನ್ ಆದವರಿಗೆ, ಹೆರಿಗೆ ಆದವರಿಗೆ ಗುದದಲ್ಲಿ ಇಡುವ ಗುಳಿಗೆಯಲ್ಲೂ ಡೈಕ್ಲೊಫೆನಾಕ್ ಇರುತ್ತದೆ. ಕಣ್ಣಿನ ಪೊರೆ ತೆಗೆದ ಮೇಲೆ ಕೊಡುವ ಹನಿಗಳಲ್ಲಿ ಕೆಟೊರೊಲಾಕ್, ನೆಪಾಫೆನಾಕ್ ಇರಬಹುದು. ಕಣ್ಣಿಗೆ ಬಿಟ್ಟದ್ದು ಮೂಗು, ಗಂಟಲಿಗೆ ಇಳಿಯುತ್ತದೆ, ಅದರಿಂದಲೂ ದಮ್ಮು ಬಂದವರಿದ್ದಾರೆ. ನಮ್ಮ ಕಡೆ ಕಣ್ಣಿನ ಶಿಬಿರಕ್ಕೆ ವಯಸ್ಸಾದವರು ಗುಂಪಾಗಿ ಹೋಗುತ್ತಾರೆ. ಜೊತೆಗೆ ಹೋಗುವ ಮಕ್ಕಳು ಈ ಮಾತು ಅಲ್ಲೇ ಹೇಳಬೇಕು. (ಕಣ್ಣಿನ ಒತ್ತಡಕ್ಕೆ ಕೊಡುವ ಟಿಮೊಲಾಲ್ ಹನಿ ಬೇರೆ ಜಾತಿಯದು, ಆದರೆ ಅದೂ ಉಬ್ಬಸದವರಿಗೆ ಆಗುವುದಿಲ್ಲ. ಒಟ್ಟಿಗೇ ಹೇಳಿಬಿಡಿ.) ಹಚ್ಚುವ ಜೆಲ್, ಬಾಮುಗಳಿಂದ ಮೈಗೆ ಸೇರುವುದು ಕಡಿಮೆ. ಆದರೂ ಒಮ್ಮೆ ಪೆಟ್ಟು ತಿಂದವರು ಡಾಕ್ಟರನ್ನು ಕೇಳದೆ ಡೈಕ್ಲೊಫೆನಾಕ್ ಜೆಲ್ಲನ್ನು ಬೆನ್ನಿಗೆಲ್ಲ ಬಳಿದುಕೊಳ್ಳಬೇಡಿ.

ಹೆಸರಿಲ್ಲದ ಪುಡಿ, ಪೊಟ್ಟಣದ ಔಷಧದ ಬಗ್ಗೆ ಒಂದು ಮಾತು. ಬೇರಿನದ್ದು, ಸೊಪ್ಪಿನದ್ದು ಎಂದು ಮಾರುವ ಸಂಧಿನೋವಿನ ಪುಡಿಗಳಲ್ಲಿ ಡೈಕ್ಲೊಫೆನಾಕ್, ಸ್ಟಿರಾಯ್ಡ್ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿದ್ದುಂಟು. ಒಂದೇ ದಿನದಲ್ಲಿ ನೋವು ಮಾಯವಾಗುವ ಪುಡಿಯನ್ನು ನಂಬಬೇಡಿ.

ಹಾಗಾದರೆ ನೋವು ಬಂದಾಗ ಏನು ತಗೊಳ್ಳುವುದು? ನಾನು ಇಟ್ಟುಕೊಂಡಿರುವುದು ಬರೀ ಪ್ಯಾರಾಸಿಟಮಾಲ್. ಸ್ಟ್ರಿಪ್ ಮೇಲೆ ಒಂದೇ ಸಾಲು, ಒಂದೇ ಔಷಧ. ಇದು ಕಾಕ್ಸ್-1ನ್ನು ಬಹಳ ಕಡಿಮೆ ತಡೆಯುತ್ತದೆ, ಹೆಚ್ಚಿನವರಿಗೆ ಆಗುತ್ತದೆ. ಆದರೆ ಒಂದೇ ಸಲಕ್ಕೆ 1000 ಮಿಲಿಗ್ರಾಂ ತಗೊಂಡರೆ ಕೆಲವರಿಗೆ ಸ್ವಲ್ಪ ಉಬ್ಬಸ ಬರುವುದುಂಟು. ಅದಕ್ಕೇ ನನಗೆ 500ರ ಒಂದೇ ಗುಳಿಗೆ ಎಂದು ಡಾಕ್ಟರು ಹೇಳಿದ್ದಾರೆ. ಬೇಕಾದರೆ ಆರು ಗಂಟೆ ಬಿಟ್ಟು ಇನ್ನೊಂದು. ನೋವು ಜಾಸ್ತಿ ಇದೆ ಎಂದು ಒಟ್ಟಿಗೆ ಎರಡು ನುಂಗುವುದಿಲ್ಲ.

ಅದರಿಂದ ತಡೆಯದ ನೋವಿಗೆ ‘ಕಾಕ್ಸಿಬ್’ ಎಂದು ಮುಗಿಯುವ ಗುಳಿಗೆಗಳಿವೆ. ಎಟೊರಿಕಾಕ್ಸಿಬ್, ಸೆಲೆಕಾಕ್ಸಿಬ್. ಇವು ಕಾಕ್ಸ್-2 ಎಂಬ ಇನ್ನೊಂದು ಕಿಣ್ವವನ್ನು ತಡೆಯುತ್ತವೆ, ನಮ್ಮ ಬಾಗಿಲನ್ನು ಮುಟ್ಟುವುದು ಕಡಿಮೆ. ಹೆಚ್ಚಿನವರಿಗೆ ಆಗುತ್ತವೆ. ಆದರೆ ಮೊದಲ ಗುಳಿಗೆಯನ್ನು ಡಾಕ್ಟರ ಎದುರಿಗೇ ತಗೊಂಡು ಎರಡು ಮೂರು ಗಂಟೆ ಅಲ್ಲೇ ಕೂತಿರಬೇಕು. ನಾನೂ ಹಾಗೇ ಕೂತಿದ್ದೆ. ಹೃದಯದ ತೊಂದರೆ, ಬಿಪಿ ಇದ್ದವರಿಗೆ ಇವುಗಳಲ್ಲಿ ಬೇರೆ ಅಪಾಯ ಇದೆ, ಆದ್ದರಿಂದ ಅಂಗಡಿಯಲ್ಲಿ ನೇರ ಕೇಳುವ ಔಷಧ ಇದಲ್ಲ. ನಿಮೆಸುಲೈಡ್, ಮೆಲಾಕ್ಸಿಕಾಮ್ ಎರಡೂ ನಡುವಿನವು. ಕೆಲವರಿಗೆ ಆಗುತ್ತದೆ, ಕೆಲವರಿಗೆ ಇಲ್ಲ. ನಾನು ಅತ್ತ ಹೋಗುವುದಿಲ್ಲ. ಮುಟ್ಟಿನ ನೋವಿಗೆ ಬಿಸಿನೀರಿನ ಚೀಲ, ಜೊತೆಗೆ ಡಾಕ್ಟರು ಬರೆದುಕೊಟ್ಟ ಡ್ರೊಟಾವೆರಿನ್ ಮಾತ್ರ ಇರುವ ಗುಳಿಗೆ. ಇದರ ಜೊತೆ ಮೆಫೆನಮಿಕ್ ಸೇರಿಸಿದ ಗುಳಿಗೆಯೂ ಬರುತ್ತದೆ, ಹೆಸರೂ ಹತ್ತಿರ ಹತ್ತಿರ. ಸಾಲು ಎಣಿಸಿ.

ಹೃದಯಕ್ಕೆ ಎಂದು ಇಕೋಸ್ಪ್ರಿನ್ ತಗೊಳ್ಳುತ್ತಿರುವ ಉಬ್ಬಸದವರು ಇದನ್ನು ಓದಿ ಹೆದರಿ ಗುಳಿಗೆ ನಿಲ್ಲಿಸಬೇಡಿ. ದಿನಾ ತಗೊಂಡು ಆರಾಮಾಗಿ ಇದ್ದರೆ ನಿಮಗೆ ಈ ತೊಂದರೆ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ತಾವಾಗಿ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಕೇಳಬೇಕಾದದ್ದು ಹೃದಯದ ಡಾಕ್ಟರನ್ನು.

ಜ್ವರದ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಇನ್ನೊಂದು ಕಾರಣವೂ ಇದೆ. ಮಳೆಗಾಲದಲ್ಲಿ ಡೆಂಗಿ, ಬೇಸಿಗೆಯಲ್ಲಿ ಸಿದ್ದಾಪುರದ ಕಡೆ ಮಂಗನ ಕಾಯಿಲೆ. ಎರಡರಲ್ಲೂ ರಕ್ತಸ್ರಾವದ ಭಯ ಇರುವುದರಿಂದ ಉಬ್ಬಸ ಇಲ್ಲದವರೂ ಆಸ್ಪಿರಿನ್, ಐಬುಪ್ರೊಫೇನ್ ತಗೊಳ್ಳಬಾರದು. ಜ್ವರ ಎಂದರೆ ಮನೆಯಲ್ಲಿ ಪ್ಯಾರಾಸಿಟಮಾಲ್ ಮಾತ್ರ.

ಈಗ ಹೇಳುವ ಬಗೆ. ‘ಅಲರ್ಜಿ ಇದೆಯಾ’ ಎಂಬ ಪ್ರಶ್ನೆಗೆ ಕಾಯಬೇಡಿ. ಹಲ್ಲಿನ ಡಾಕ್ಟರಿರಲಿ, ಎಲುಬಿನ ಡಾಕ್ಟರಿರಲಿ, ಶಿರಸಿ ಜಾತ್ರೆಯಲ್ಲಿ ಕಾಲು ಉಳುಕಿ ಚಿಕಿತ್ಸಾ ಶಿಬಿರಕ್ಕೆ ಹೋದಿರೇ ಇರಲಿ, ಕೂತ ಕೂಡಲೇ ನೀವೇ ಶುರುಮಾಡಿ: ‘ನಂಗೆ ಅಸ್ತಮಾ ಇದೆ. ನೋವಿನ ಗುಳಿಗೆ, ಇಂಜೆಕ್ಷನ್ ತಗೊಂಡ್ರೆ ದಮ್ಮು ಬರತ್ತೆ.’ ಎರಡೇ ವಾಕ್ಯ. ಪ್ರಜ್ಞೆ ತಪ್ಪಿದಾಗ ಅಥವಾ ಉಸಿರಿಲ್ಲದಾಗ ಹೇಳಲು ಒಂದು ಕಾರ್ಡು ಬೇಕು. ನನ್ನದರಲ್ಲಿ ಹೀಗೆ ಬರೆದಿದೆ: ‘ಅಸ್ತಮಾ ಇದೆ. ಮೂಗಿನಲ್ಲಿ ಪಾಲಿಪ್ ಇದೆ. ಆಸ್ಪಿರಿನ್, ಡೈಕ್ಲೊಫೆನಾಕ್, ಐಬುಪ್ರೊಫೇನ್ ಮತ್ತು ಆ ಬಳಗದ ಯಾವುದೂ ಕೊಡಬೇಡಿ, ಗುಳಿಗೆ, ಇಂಜೆಕ್ಷನ್, ಕಣ್ಣಿನ ಹನಿ ಯಾವ ರೂಪದಲ್ಲೂ. ಪ್ಯಾರಾಸಿಟಮಾಲ್ 500 ಆಗುತ್ತದೆ.’ ಕೆಳಗೆ ನಮ್ಮವರ ನಂಬರು. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಇಂಗ್ಲಿಷ್. ನಮ್ಮವರು ಕಾರವಾರಕ್ಕೂ ಹೋಗುತ್ತಾರೆ, ಹುಬ್ಬಳ್ಳಿಗೂ, ಗೋವಾದ ಬಾಂಬೋಳಿ ಆಸ್ಪತ್ರೆಗೂ ಹೋಗುತ್ತಾರೆ. ಗೋವಾದಲ್ಲಿ ಕನ್ನಡ ಓದುವವರು ಸಿಗದೆ ಇರಬಹುದು.

ಗೊತ್ತಿಲ್ಲದೆ ನುಂಗಿಬಿಟ್ಟರೆ? ಮೂಗು ಸುರಿಯಲು ಶುರುವಾದರೆ ಎದೆ ಬಿಗಿಯುವ ತನಕ ಕಾಯಬೇಡಿ. ಮಲಗಬೇಡಿ, ನೆಟ್ಟಗೆ ಕೂರಿ. ಅಸ್ಥಾಲಿನ್‌ನಂಥ ನೀಲಿ ಇನ್ಹೇಲರನ್ನು ಸ್ಪೇಸರ್‌ಗೆ (ಇನ್ಹೇಲರಿನ ಬಾಯಿಗೆ ಸಿಕ್ಕಿಸುವ ದಪ್ಪ ಕೊಳವೆ) ಹಾಕಿ, ಒಂದೊಂದೇ ಪಫ್, ಒಂದೊಂದಕ್ಕೆ ನಾಲ್ಕು ಉಸಿರು, ಹೀಗೆ ನಾಲ್ಕು ಪಫ್. ನಾಲ್ಕು ನಿಮಿಷ ನೋಡಿ. ಕಡಿಮೆಯಾಗದಿದ್ದರೆ ಮತ್ತೆ ನಾಲ್ಕು, ಅಷ್ಟರಲ್ಲಿ ಮನೆಯವರು 108ಕ್ಕೆ ಫೋನ್ ಮಾಡಿರಬೇಕು. ಮಾತು ತುಂಡಾಗುತ್ತಿದ್ದರೆ, ತುಟಿ ನೀಲಿಯಾದರೆ, ನಾಲಿಗೆ ಊದಿದರೆ, ತಲೆ ತಿರುಗಿದರೆ ಪಫ್ ಎಣಿಸುತ್ತಾ ಕೂರದೆ ಹೊರಟುಬಿಡಿ, ದಾರಿಯಲ್ಲಿ ಪಫ್ ಮುಂದುವರಿಸಿ. ವಾಂತಿ ಮಾಡಿಸಬೇಡಿ. ಸೆಟ್ರಿಜಿನ್ ನುಂಗಿ ಸುಮ್ಮನಾಗಬೇಡಿ, ಅದರಿಂದ ಈ ದಮ್ಮು ನಿಲ್ಲುವುದಿಲ್ಲ. ಕಷಾಯ ಕುದಿಸುವ ಹೊತ್ತು ಇದಲ್ಲ. ಆಸ್ಪತ್ರೆಗೆ ಸ್ಟ್ರಿಪ್ ಜೊತೆಗೆ ಒಯ್ಯಿರಿ, ‘ಇದನ್ನ ಇಷ್ಟು ಗಂಟೆಗೆ ತಗೊಂಡಿದ್ದು’ ಎಂದು ಹೇಳಿ. ಸ್ವಲ್ಪ ಕಡಿಮೆಯಾಯಿತೆಂದು ವಾಪಸ್ ಬರಬೇಡಿ, ಕೆಲವು ಗಂಟೆ ಅಲ್ಲಿ ಇದ್ದು ಬನ್ನಿ.

ನಮ್ಮಲ್ಲಿ ದಾರಿಯನ್ನೂ ಲೆಕ್ಕ ಹಾಕಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು 66ನೇ ನಂಬರಿನ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಆ ದಿನಗಳಲ್ಲಿ ಇನ್ಹೇಲರ್ ಕೇಳಿಕೊಂಡು ಬಂದವರ ಮುಖ ನನಗಿನ್ನೂ ನೆನಪಿದೆ. ಜೂನ್ ಹಿಡಿಯುವ ಮೊದಲೇ ಒಂದು ಹೆಚ್ಚಿನ ಇನ್ಹೇಲರ್ ತಂದಿಡಿ. ದೇವಿಮನೆ ಘಟ್ಟದ ಆಚೆ ಈಚೆ ಒಳಗಿನ ಹಳ್ಳಿಗಳಲ್ಲಿ ಇರುವವರು ಹತ್ತಿರದಲ್ಲಿ ನೆಬ್ಯುಲೈಜರ್, ಆಕ್ಸಿಜನ್ ಎಲ್ಲಿದೆ ಎಂದು ಬಿಸಿಲಿರುವಾಗಲೇ ವಿಚಾರಿಸಿಟ್ಟುಕೊಳ್ಳಿ.

ಇದು ಹೌದೋ ಅಲ್ಲವೋ ಎಂದು ತಿಳಿಯಲು ರಕ್ತ ಪರೀಕ್ಷೆ ಇಲ್ಲ, ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಲ್ಲೂ ಸಿಗುವುದಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ಆಸ್ಪಿರಿನ್ ಕೊಟ್ಟು, ಊದುವ ಯಂತ್ರದಲ್ಲಿ ಉಸಿರು ಅಳೆಯುತ್ತಾ ನೋಡುತ್ತಾರೆ. ‘ಅರ್ಧ ಗುಳಿಗೆ ತಗೊಂಡು ನೋಡೋಣ’ ಎಂದು ಮನೆಯಲ್ಲಿ ಮಾಡಬೇಡಿ. ದಯವಿಟ್ಟು ಬೇಡ. ಅರ್ಧಕ್ಕೂ ಅರ್ಧದಲ್ಲಿ ದಮ್ಮು ಹಿಡಿದವರಿದ್ದಾರೆ.

ಇದಕ್ಕೆ ಚಿಕಿತ್ಸೆ ಇದೆ. ದಿನಾ ಎಳೆಯುವ ಸ್ಟಿರಾಯ್ಡ್ ಇನ್ಹೇಲರ್, ಮೂಗಿನ ಸ್ಪ್ರೇ, ಲ್ಯುಕೊಟ್ರೈನ್‌ಗೆ ಅಡ್ಡ ನಿಲ್ಲುವ ಮಾಂಟೆಲುಕಾಸ್ಟ್ ಗುಳಿಗೆ. ದುರ್ಮಾಂಸ ತೆಗೆಸಿದ ಮೇಲೆ ಕೆಲವರಿಗೆ ಆಸ್ಪತ್ರೆಯಲ್ಲಿ ಆಸ್ಪಿರಿನ್‌ಗೇ ಮೈ ಒಗ್ಗಿಸುತ್ತಾರೆ. ಆಮೇಲೆ ದಿನಾ ತಪ್ಪದೆ ಆಸ್ಪಿರಿನ್ ತಗೊಳ್ಳಬೇಕು, ಎರಡು ಮೂರು ದಿನ ಬಿಟ್ಟರೆ ಒಗ್ಗಿದ್ದು ಹೋಗಿಬಿಡಬಹುದು. ಡುಪಿಲುಮಾಬ್‌ನಂಥ ಹೊಸ ಇಂಜೆಕ್ಷನ್‌ಗಳೂ ಬಂದಿವೆ, ಬೆಲೆ ನಮ್ಮಂಥವರಿಗೆ ದೂರ. ನನಗೆ ಆಪರೇಷನ್ ಮತ್ತು ಸ್ಪ್ರೇ ಸಾಕಾಯಿತು. ಆಪರೇಷನ್ ಆದ ಆರನೇ ವಾರ ಬೆಳಿಗ್ಗೆ ಕಾಫಿ ಸೋಸುವಾಗ ಅದರ ವಾಸನೆ ಬಂತು. ಲೋಟ ಹಿಡಿದುಕೊಂಡು ಅಡಿಗೆಮನೆಯಲ್ಲೇ ಅತ್ತುಬಿಟ್ಟೆ.

ಹೋದ ಮಳೆಗಾಲದಲ್ಲಿ ಮೀನಿನ ಬುಟ್ಟಿ ಇಳಿಸಿ ಒಬ್ಬ ಅಕ್ಕ ಅಂಗಡಿಗೆ ಬಂದಳು. ವಾರಕ್ಕೊಮ್ಮೆ ಬರುವವಳು. ಮೆಟ್ಟಿಲು ಹತ್ತಿದ್ದಕ್ಕೇ ಎದೆ ಸುಂಯ್ ಅನ್ನುತ್ತಿತ್ತು.

‘ತಂಗಿ, ಮಂಡಿ ನೋವು ತಡೀಲಿಕ್ಕೆ ಆಗ್ತಿಲ್ಲ. ಆ ಕೆಂಪು ಗುಳಿಗೆ ಎರಡು ಕೊಡು.’

‘ಅಕ್ಕಾ, ಹೋದ ಸಲ ತಗೊಂಡಾಗ ಏನಾದ್ರೂ ಆಯ್ತಾ?’

‘ಏನಿಲ್ಲ. ಶೀತ ಆಯ್ತು. ರಾತ್ರಿಯೆಲ್ಲ ಕೂತೇ ಇದ್ದೆ.’

‘ಮೀನಿನ ವಾಸನೆ ಗೊತ್ತಾಗತ್ತಾ?’

ಅವಳು ನಕ್ಕಳು. ‘ವಾಸನೆ ಹೋಗಿ ಮೂರು ವರ್ಷ ಆಯ್ತು. ಕಿವಿರು ನೋಡೇ ತಾಜಾ ಹೌದೋ ಅಲ್ವೋ ಹೇಳ್ತೇನೆ.’

ಕೆಂಪು ಗುಳಿಗೆ ಕೊಡಲಿಲ್ಲ. ಫಾರ್ಮಸಿಸ್ಟ್‌ನ್ನು ಕರೆದೆ, ಅವರು ಅವಳನ್ನು ಅದೇ ದಿನ ಡಾಕ್ಟರ ಹತ್ತಿರ ಕಳಿಸಿದರು. ಮುಂದಿನ ವಾರ ಬಂದಾಗ ನಾನೇ ಕಾರ್ಡು ಬರೆದುಕೊಟ್ಟೆ. ಅವಳಿಗೆ ಪರ್ಸು ಇಲ್ಲ, ಬುಟ್ಟಿಯಲ್ಲಿ ಇಟ್ಟರೆ ಒಂದೇ ದಿನಕ್ಕೆ ನೆನೆದು ಹೋಗುತ್ತದೆ. ಗುಳಿಗೆ ಹಾಕುವ ಸಣ್ಣ ಜಿಪ್ ಪ್ಲಾಸ್ಟಿಕ್ ಚೀಲದಲ್ಲಿ ಕಾರ್ಡು ಇಟ್ಟು, ಗಾಳಿ ತೆಗೆದು ಒತ್ತಿ ಮುಚ್ಚಿದೆ. ಅದನ್ನು ಅವಳು ಎಲೆಯಡಿಕೆಯ ಸಂಚಿಯೊಳಗೆ, ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡಳು. ನೀವೂ ದಿನಾ ಯಾವುದನ್ನು ಬಿಡದೆ ಒಯ್ಯುತ್ತೀರೋ ಅದರೊಳಗೆ ಇಡಿ.